ರಾತ್ರಿ ವಿಮಾನ ರದ್ದಾಯಿತು, ಪರಿಹಾರವಿಲ್ಲ ಎನ್ನುತ್ತಾರೆ: ತುಮಕೂರಿನಲ್ಲೇ ದೂರು ಕೊಡಬಹುದೇ?

ಪ್ರಶ್ನೆ: ಶಿರಾ ಗೇಟ್ ನಿವಾಸಿ, ತುಮಕೂರು

ಕೋಲ್ಕತ್ತದಲ್ಲಿರುವ ತಂಗಿಯ ಸೀಮಂತಕ್ಕೆ ಹೋಗಲೆಂದು ತಂದೆ, ತಾಯಿ ಮತ್ತು ನನಗೆ ಬೆಂಗಳೂರಿನಿಂದ ರಾತ್ರಿ 9.20ಕ್ಕೆ ಹೊರಟು 12 ಗಂಟೆಗೆ ತಲುಪುವ ವಿಮಾನದಲ್ಲಿ ಟಿಕೆಟ್ ಕಾದಿರಿಸಿದ್ದೆ. ಶಾಸ್ತ್ರವಿದ್ದದ್ದು ಮರುದಿನ ಬೆಳಿಗ್ಗೆ. ದಾಬಸ್‌ಪೇಟೆ, ದೊಡ್ಡಬಳ್ಳಾಪುರದ ಮಾರ್ಗವಾಗಿ ಬಾಡಿಗೆ ಕಾರಿನಲ್ಲಿ ದೇವನಹಳ್ಳಿ ತಲುಪಿ, ಭದ್ರತಾ ತಪಾಸಣೆ ಮುಗಿಸಿ ಒಳಗೆ ಕುಳಿತ ಮೇಲೆ ವಿಮಾನ ತಡವಾಗುತ್ತದೆಂಬ ಮೊದಲ ಸಂದೇಶ ಬಂದಿತು. ಹೊಸ ಸಮಯ ಮೊದಲು 10.10 ಎಂದಿದ್ದದ್ದು 11 ಗಂಟೆಯಾಯಿತು, ಆಮೇಲೆ 12.15 ಆಯಿತು. ಹನ್ನೆರಡು ಹೊಡೆಯುವ ಹೊತ್ತಿಗೆ ವಿಮಾನವೇ ರದ್ದಾಗಿದೆ ಎಂದು ಫಲಕದಲ್ಲಿ ಬಂದಿತು. ಕಾರಣ ಕೇಳಿದರೆ ‘ಆಪರೇಷನಲ್ ರೀಸನ್’ ಎಂಬ ಒಂದೇ ಉತ್ತರ. ಅದೇ ರಾತ್ರಿ ಬೇರೆ ಸಂಸ್ಥೆಯ ವಿಮಾನ ಕೋಲ್ಕತ್ತಕ್ಕೆ ಹೊರಟದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಕೌಂಟರಿನಲ್ಲಿ ನೂರಾರು ಪ್ರಯಾಣಿಕರಿಗೆ ಇಬ್ಬರು ಹುಡುಗಿಯರಿದ್ದರು. ತಾಯಿಯವರು ಮಧುಮೇಹಿ, ಇನ್ಸುಲಿನ್ ತೆಗೆದುಕೊಂಡ ಮೇಲೆ ಊಟ ತಡಮಾಡುವಂತಿಲ್ಲ. ತಿನ್ನಲು ಏನಾದರೂ ಕೊಡಿ ಎಂದು ಕೇಳಿದಾಗ, ಬಿಸಿನೀರು ಸುರಿದುಕೊಳ್ಳಬೇಕಾದ ಉಪ್ಪಿಟ್ಟಿನ ಕಪ್ ಒಂದನ್ನು ಕೊಟ್ಟು, ಬಿಸಿನೀರನ್ನು ಎದುರಿನ ಅಂಗಡಿಯಲ್ಲಿ ಕೇಳಿ ಎಂದರು. ಬದಲಿ ವಿಮಾನವೆಂದು ಮರುದಿನ ಮಧ್ಯಾಹ್ನದ್ದನ್ನು ತೋರಿಸಿದರು. ಸೀಮಂತ ಮುಗಿದ ಮೇಲೆ ಮಡಿಲಕ್ಕಿ, ಹಸಿರು ಬಳೆ ಹೊತ್ತುಕೊಂಡು ಹೋಗಿ ಮಾಡುವುದೇನು ಎಂದುಕೊಂಡು ಹಣ ವಾಪಸಾತಿಯನ್ನು ಆಯ್ದು, ಮತ್ತೊಂದು ಟ್ಯಾಕ್ಸಿ ಹಿಡಿದು ಬೆಳಗಿನ ಜಾವ ಊರು ಸೇರಿದೆವು.

ಟಿಕೆಟ್ ಹಣ ಬಂದಿದೆ. ಬುಕಿಂಗ್ ಜಾಲತಾಣದವರು ಮಾತ್ರ ತಮ್ಮ ಸೇವಾ ಶುಲ್ಕವನ್ನು ಹಿಡಿದುಕೊಂಡಿದ್ದಾರೆ. ಪರಿಹಾರ ಕೋರಿ ಬರೆದ ಮಿಂಚಂಚೆಗೆ, ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ, ಪೂರ್ಣ ಹಣ ಹಿಂದಿರುಗಿಸಿರುವುದರಿಂದ ಬೇರೇನೂ ಸಲ್ಲಬೇಕಾಗಿಲ್ಲ ಎಂಬ ಸಿದ್ಧ ಉತ್ತರ ಬಂದಿದೆ. ಇದು ನಿಜವೇ? ದೂರು ಕೊಡಲು ಬೆಂಗಳೂರಿಗೆ ಅಲೆಯಬೇಕೇ?

ಉತ್ತರ: ಟಿಕೆಟ್ ಏಜೆಂಟ್, ಚಿಕ್ಕಬಳ್ಳಾಪುರ

ಹಣ ಹಿಂದಿರುಗಿಸಿದರೆ ಎಲ್ಲವೂ ಮುಗಿಯಿತು ಎಂಬುದು ನಿಜವಲ್ಲ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು, ಅಂದರೆ ಡಿಜಿಸಿಎ, 2010ರಲ್ಲಿ ಹೊರಡಿಸಿ ಅನಂತರ ಹಲವು ಬಾರಿ ತಿದ್ದಿರುವ ನಿಯಮವೊಂದಿದೆ. ಹೊರಡುವ ಸಮಯಕ್ಕೆ 24 ಗಂಟೆಗಳಷ್ಟಾದರೂ ಮೊದಲು ತಿಳಿಸದೆ ವಿಮಾನ ರದ್ದು ಮಾಡಿದರೆ, ಸಂಸ್ಥೆಯು ಪ್ರಯಾಣಿಕರಿಗೆ ಒಪ್ಪಿಗೆಯಾಗುವ ಬದಲಿ ವಿಮಾನವನ್ನು ಒದಗಿಸಬೇಕು. ಇಲ್ಲವಾದರೆ ಟಿಕೆಟಿನ ಪೂರ್ಣ ಹಣದ ಜೊತೆಗೆ ಪರಿಹಾರವನ್ನೂ ಕೊಡಬೇಕು. ಒಂದು ಗಂಟೆಯವರೆಗಿನ ಹಾರಾಟಕ್ಕೆ 5,000 ರೂಪಾಯಿ, ಎರಡು ಗಂಟೆಯವರೆಗೆ 7,500, ಅದಕ್ಕೂ ಹೆಚ್ಚಾದರೆ 10,000. ಆದರೆ ಈ ಮೊತ್ತ ಮತ್ತು ನಿಮ್ಮ ಒಂದು ಕಡೆಯ ಮೂಲ ದರ, ಇಂಧನ ಶುಲ್ಕ ಸೇರಿದ ಮೊತ್ತ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು ಮಾತ್ರ ಸಿಗುತ್ತದೆ. ತೆರಿಗೆ ಮತ್ತು ನಿಲ್ದಾಣದ ಶುಲ್ಕಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಪರಿಹಾರವು ತಲಾ ಲೆಕ್ಕದ್ದು. ನಿಮ್ಮದು ಎರಡು ಗಂಟೆ ನಲವತ್ತು ನಿಮಿಷದ ಹಾರಾಟವಾದ್ದರಿಂದ ಮೂವರಿಗೂ ಕೊನೆಯ ದರವೇ ಅನ್ವಯಿಸುತ್ತದೆ.

ಇಲ್ಲಿ ನೀವು ಮಧ್ಯಾಹ್ನದ ವಿಮಾನಕ್ಕೆ ‘ಒಪ್ಪಿಗೆ’ ಎಂದು ಒತ್ತದಿದ್ದದ್ದು ಬಹಳ ಮುಖ್ಯ. ರದ್ದತಿಯ ಸಂದೇಶದೊಂದಿಗೆ ಬರುವ ಕೊಂಡಿಯಲ್ಲಿ ಬದಲಿ ವಿಮಾನದ ಗುಂಡಿಯೇ ದೊಡ್ಡದಾಗಿ ಕಾಣುತ್ತದೆ. ಗಾಬರಿಯಲ್ಲಿ ಅದನ್ನು ಒತ್ತಿದವರು ಬದಲಿ ವ್ಯವಸ್ಥೆಯನ್ನು ಒಪ್ಪಿಕೊಂಡಂತಾಗುತ್ತದೆ, ಆಮೇಲೆ ಪರಿಹಾರ ಕೇಳುವುದಕ್ಕೆ ದಾರಿಯೇ ಉಳಿಯುವುದಿಲ್ಲ. ಹಣವನ್ನು ಮುಂದಿನ ಪ್ರಯಾಣಕ್ಕೆಂದು ‘ಕ್ರೆಡಿಟ್ ಶೆಲ್’ನಲ್ಲಿ ಇಡುವುದೂ ಪ್ರಯಾಣಿಕರ ಇಚ್ಛೆಗೆ ಬಿಟ್ಟದ್ದು, ಸಂಸ್ಥೆಯವರು ತಾವಾಗಿಯೇ ಹಾಗೆ ಮಾಡುವಂತಿಲ್ಲ.

ಊಟದ ವಿಷಯಕ್ಕೆ ಬಂದರೆ, ಎರಡೂವರೆ ಗಂಟೆಯವರೆಗಿನ ಹಾರಾಟಕ್ಕೆ ಎರಡು ಗಂಟೆ ವಿಳಂಬವಾದಾಗ ಉಪಾಹಾರದ ಹೊಣೆ ಸಂಸ್ಥೆಯ ಮೇಲೆ ಬೀಳುತ್ತದೆ. ಎರಡೂವರೆಯಿಂದ ಐದು ಗಂಟೆಯ ಹಾರಾಟಕ್ಕೆ ಮೂರು ಗಂಟೆ ವಿಳಂಬವಾಗಬೇಕು. ನಿಮ್ಮ 9.20ರ ವಿಮಾನವನ್ನು 12.15ಕ್ಕೆ ಮುಂದೂಡಿದ್ದೆಂದರೆ ಎರಡು ಗಂಟೆ ಐವತ್ತೈದು ನಿಮಿಷ. ಅದು ಕಾಕತಾಳೀಯವೋ ಲೆಕ್ಕಾಚಾರವೋ, ಊಹೆ ನಿಮಗೆ ಬಿಟ್ಟದ್ದು. ರಾತ್ರಿ 8ರಿಂದ ಬೆಳಗಿನ ಜಾವ 3ರ ನಡುವೆ ಹೊರಡಬೇಕಿದ್ದ ವಿಮಾನ ಆರು ಗಂಟೆಗಿಂತ ಹೆಚ್ಚು ತಡವಾದರೆ ಹೋಟೆಲ್ ವಸತಿಯೂ ಸಲ್ಲುತ್ತದೆ. ಆದರೆ ಹಣ ವಾಪಸು ಪಡೆದು ಹೊರಟವರು ಅದನ್ನು ಕೇಳುವುದು ಕಷ್ಟ.

ನಮ್ಮ ವೃತ್ತಿಯವರ ಒಂದು ಕೆಟ್ಟ ಅಭ್ಯಾಸವನ್ನೂ ಹೇಳಿಬಿಡುತ್ತೇನೆ. ಎಷ್ಟೋ ಏಜೆಂಟರು ಟಿಕೆಟ್ ಮಾಡುವಾಗ ಪ್ರಯಾಣಿಕರ ಮೊಬೈಲ್ ಸಂಖ್ಯೆಯ ಜಾಗದಲ್ಲಿ ತಮ್ಮದನ್ನೇ ತುಂಬುತ್ತಾರೆ. ಸಂಪರ್ಕದ ವಿವರ ಸರಿಯಾಗಿ ಕೊಡದವರಿಗೆ ಪರಿಹಾರ ಕೊಡಬೇಕಾಗಿಲ್ಲವೆಂದು ಅದೇ ನಿಯಮ ಹೇಳುತ್ತದೆ. ನಿಮ್ಮ ಫೋನಿಗೇ ಸಂದೇಶಗಳು ಬಂದಿರುವುದರಿಂದ ಆ ತೊಡಕು ನಿಮಗಿಲ್ಲ.

ಉತ್ತರ: ವಿಮಾನ ನಿಲ್ದಾಣದ ಮಾಜಿ ಸಿಬ್ಬಂದಿ, ಕೋಲಾರ

ಮೇಲಿನವರು ಹೇಳಿದ್ದಕ್ಕೆ ಒಂದು ದೊಡ್ಡ ‘ಆದರೆ’ ಇದೆ. ಹವಾಮಾನ, ವಾಯು ಸಂಚಾರ ನಿಯಂತ್ರಣ, ಭದ್ರತಾ ಅಪಾಯ, ಮುಷ್ಕರ, ಪ್ರವಾಹ ಮುಂತಾಗಿ ಸಂಸ್ಥೆಯ ಕೈಮೀರಿದ ಕಾರಣಗಳಿದ್ದರೆ ಪರಿಹಾರ ಸಲ್ಲುವುದಿಲ್ಲ. ಆದ್ದರಿಂದಲೇ ಕಾರಣವನ್ನು ಲಿಖಿತವಾಗಿ ಪಡೆಯುವುದು ಹಣ ಕೇಳುವುದಕ್ಕಿಂತ ಮೊದಲು ಆಗಬೇಕಾದ ಕೆಲಸ. ವಿಮೆಗೆ ಬೇಕು ಎಂದು ಕೇಳಿದರೆ ಸಂಸ್ಥೆಗಳು ರದ್ದತಿಯ ಪ್ರಮಾಣಪತ್ರವನ್ನು ಕೊಡುತ್ತವೆ. ಅದರಲ್ಲಿ ಬರೆದ ಕಾರಣವನ್ನು ಆಮೇಲೆ ಬದಲಿಸುವುದು ಅವರಿಗೂ ಸುಲಭವಲ್ಲ.

ತಡವಾಗುತ್ತಾ ಹೋದ ವಿಮಾನ ಕೊನೆಗೆ ರದ್ದಾಗುವುದು ಹೇಗೆ ಎಂಬುದನ್ನು ಒಳಗಿನಿಂದ ನೋಡಿದವನಾಗಿ ಹೇಳುತ್ತೇನೆ. ಒಂದೇ ವಿಮಾನ ಬೆಳಿಗ್ಗೆಯಿಂದ ರಾತ್ರಿಯವರೆಗೆ ಹಲವು ಊರುಗಳ ನಡುವೆ ಓಡಾಡುತ್ತದೆ. ಬೆಳಿಗ್ಗೆ ದೆಹಲಿಯಲ್ಲೋ ದೇವನಹಳ್ಳಿಯಲ್ಲೋ ಮಂಜಿನಿಂದ ಒಂದು ಗಂಟೆ ತಡವಾದರೆ, ನಡುವೆ ಬಿಡುವಿನ ಸಮಯ ಇಟ್ಟಿರದಿದ್ದಲ್ಲಿ, ರಾತ್ರಿಯ ಹೊತ್ತಿಗೆ ಅದು ಮೂರು ಗಂಟೆಯಾಗಿರುತ್ತದೆ. ಅಷ್ಟರಲ್ಲಿ ಪೈಲಟ್‌ಗಳ ಕರ್ತವ್ಯದ ಅವಧಿ ಮುಗಿಯುತ್ತದೆ. ಅವಧಿ ಮೀರಿ ಅವರು ಹಾರಿಸುವಂತಿಲ್ಲ, ಹಾರಿಸಲೂಬಾರದು. ಬದಲಿ ಸಿಬ್ಬಂದಿ ಇಲ್ಲದಿದ್ದರೆ ರದ್ದು. ಪ್ರಯಾಣಿಕರಿಗೆ ಮಾತ್ರ ಇದಿಷ್ಟೂ ‘ಆಪರೇಷನಲ್ ರೀಸನ್’ ಎಂಬ ಎರಡು ಪದಗಳಾಗಿ ತಲುಪುತ್ತದೆ.

2025ರ ಡಿಸೆಂಬರಿನಲ್ಲಿ ದೇಶದಾದ್ಯಂತ ವಿಮಾನಗಳು ಸಾಲುಸಾಲಾಗಿ ರದ್ದಾದದ್ದು ನೆನಪಿರಬಹುದು. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36ರಿಂದ 48 ಗಂಟೆಗೆ ಏರಿಸಿ, ರಾತ್ರಿ ವೇಳೆಯ ಇಳಿತಗಳನ್ನು ಆರರಿಂದ ಎರಡಕ್ಕೆ ಇಳಿಸಿದ ನಿಯಮಗಳನ್ನು 2024ರ ಜನವರಿಯಲ್ಲೇ ಪ್ರಕಟಿಸಲಾಗಿತ್ತು. ಸಿದ್ಧತೆಗೆ ಅಷ್ಟು ಕಾಲವಿದ್ದೂ ಸಾಕಷ್ಟು ಪೈಲಟ್‌ಗಳನ್ನು ಇಟ್ಟುಕೊಳ್ಳದಿದ್ದರೆ ಅದು ಪ್ರಕೃತಿ ವಿಕೋಪವಲ್ಲ, ನಿರ್ವಹಣೆಯ ಲೋಪ. ಸಿಬ್ಬಂದಿ ಸಿಗಲಿಲ್ಲ ಎಂಬುದನ್ನು ಕೈಮೀರಿದ ಕಾರಣವೆಂದು ಒಪ್ಪಿಕೊಳ್ಳಬೇಡಿ.

ಕೌಂಟರಿನ ಹುಡುಗಿಯರ ಮೇಲೆ ಸಿಟ್ಟಾಗುವುದು ಸಹಜ. ಆದರೆ ರದ್ದತಿಯ ವಿಷಯ ಅವರಿಗೆ ತಿಳಿಯುವುದೂ ಎಷ್ಟೋ ಬಾರಿ ನಿಮ್ಮ ಮೊಬೈಲಿಗೆ ಸಂದೇಶ ಬಂದ ಮೇಲೆಯೇ. ನಿರ್ಧಾರ ಮಾಡುವವರು ಬೇರೆ ಊರಿನ ನಿಯಂತ್ರಣ ಕೊಠಡಿಯಲ್ಲಿರುತ್ತಾರೆ, ಬೈಗುಳ ಬೀಳುವುದು ಇವರಿಗೆ.

ಉತ್ತರ: ಪದೇ ಪದೇ ಪ್ರಯಾಣಿಸುವವನು, ಚಿಂತಾಮಣಿ

ನಿಯಮಗಳೆಲ್ಲ ಕಾಗದದ ಮೇಲೆ ಚೆನ್ನಾಗಿವೆ. ಮೂವರಿಗೂ ಸೇರಿ ಹದಿನೈದೋ ಇಪ್ಪತ್ತೋ ಸಾವಿರಕ್ಕಾಗಿ ವಕೀಲರ ಶುಲ್ಕ ತೆತ್ತು ತಿಂಗಳುಗಟ್ಟಲೆ ಓಡಾಡುವುದು ಯಾರಿಂದಾದೀತು? ಸಂಸ್ಥೆಗಳು ನಂಬಿಕೊಂಡಿರುವುದೂ ಅದನ್ನೇ. ತಪ್ಪಿಸಿಕೊಳ್ಳಲಾಗದ ಶುಭಕಾರ್ಯವಿದ್ದರೆ ನಾನಂತೂ ಹಿಂದಿನ ದಿನದ ಮೊದಲ ವಿಮಾನಕ್ಕೇ ಹೋಗುತ್ತೇನೆ, ಏಕೆಂದರೆ ಹಿಂದಿನ ಹಾರಾಟಗಳ ವಿಳಂಬ ಅದರ ಮೇಲೆ ಬೀಳುವುದು ಕಡಿಮೆ.

ಉತ್ತರ: ವಕೀಲ, ತುಮಕೂರು

ಚಿಂತಾಮಣಿಯವರ ಬೇಸರ ಅರ್ಥವಾಗುತ್ತದೆ, ಆದರೆ ಖರ್ಚಿನ ಅಂದಾಜು ಸರಿಯಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಮಿನ ಪ್ರಕಾರ ದೂರುದಾರರು ವಾಸವಿರುವ ಅಥವಾ ದುಡಿಯುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಸಲ್ಲಿಸಬಹುದು. ಟಿಕೆಟಿನ ಷರತ್ತುಗಳಲ್ಲಿ ಬೇರಾವುದೋ ಊರಿನ ನ್ಯಾಯಾಲಯಕ್ಕೇ ಬರಬೇಕೆಂದು ಅಚ್ಚಾಗಿದ್ದರೂ ಅದಕ್ಕೆ ಹೆದರಬೇಕಾಗಿಲ್ಲ. ನೀವು ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ನಿಯಮವೂ ಇಲ್ಲ. 2025ರ ಜನವರಿಯಿಂದ ಬಂದಿರುವ ಇ-ಜಾಗೃತಿ ಜಾಲತಾಣದ ಮೂಲಕ ಮನೆಯಿಂದಲೇ ಸಲ್ಲಿಸಬಹುದು. ಕಾಲಮಿತಿ ಎರಡು ವರ್ಷ.

ಅದಕ್ಕೂ ಮೊದಲು ಸಂಸ್ಥೆಯಲ್ಲಿ ದೂರುಗಳನ್ನು ನೋಡಿಕೊಳ್ಳುವ ನೋಡಲ್ ಅಧಿಕಾರಿಗೆ, ಅಲ್ಲಿ ಆಗದಿದ್ದರೆ ಮೇಲ್ಮನವಿ ಅಧಿಕಾರಿಗೆ ಬರೆಯಿರಿ. ಅವರ ವಿಳಾಸಗಳು ಸಂಸ್ಥೆಯ ಜಾಲತಾಣದಲ್ಲಿರುತ್ತವೆ. ಜೊತೆಗೆ ನಾಗರಿಕ ವಿಮಾನಯಾನ ಸಚಿವಾಲಯದ ಏರ್‌ಸೇವಾ ಜಾಲತಾಣದಲ್ಲಿ ದೂರು ದಾಖಲಿಸಿ. 1915 ಗ್ರಾಹಕ ಸಹಾಯವಾಣಿಗೂ ಹೇಳಬಹುದು, ಆದರೆ ಅದು ದೂರನ್ನು ಸಂಸ್ಥೆಗೆ ತಲುಪಿಸಿ ರಾಜಿಗೆ ಯತ್ನಿಸುತ್ತದೆಯೇ ಹೊರತು ತೀರ್ಪು ಕೊಡುವುದಿಲ್ಲ. ಪತ್ರದಲ್ಲಿ ತಾಯಿಯವರ ಕಷ್ಟವನ್ನು ವಿಸ್ತಾರವಾಗಿ ಬರೆಯುವುದಕ್ಕಿಂತ ಎರಡು ನೇರ ಪ್ರಶ್ನೆ ಕೇಳಿ: ರದ್ದು ಮಾಡಲು ನಿರ್ಧರಿಸಿದ್ದು ಎಷ್ಟು ಗಂಟೆಗೆ, ಮತ್ತು ‘ಆಪರೇಷನಲ್’ ಎಂದರೆ ನಿರ್ದಿಷ್ಟವಾಗಿ ಏನು? ನಿಯಮದ ಪ್ರಕಾರ, ಸಾಧ್ಯವಿದ್ದ ಎಲ್ಲ ಕ್ರಮ ಕೈಗೊಂಡರೂ ತಪ್ಪಿಸಲಾಗದ ಕಾರಣವಾದರೆ ಮಾತ್ರ ವಿನಾಯಿತಿ. ಬೆಳಗಿನ ಮಂಜನ್ನು ರಾತ್ರಿಯ ರದ್ದತಿಗೆ ನೆಪ ಮಾಡಿದರೆ, ನಡುವಿನ ಗಂಟೆಗಳಲ್ಲಿ ಅವರು ಏನು ಮಾಡಿದರೆಂದು ಆಯೋಗದ ಮುಂದೆ ವಿವರಿಸಬೇಕಾದೀತು.

ಕೈಮೀರಿದ ಕಾರಣವೇ ಆಗಿದ್ದರೂ ಕಾದು ಕುಳಿತ ಪ್ರಯಾಣಿಕರ ಕನಿಷ್ಠ ಅಗತ್ಯಗಳನ್ನು ಕಡೆಗಣಿಸುವಂತಿಲ್ಲ. ಮಂಜಿನಿಂದಾದ ವಿಳಂಬದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2011ರಲ್ಲಿ, ವಿಳಂಬಕ್ಕೆ ಪರಿಹಾರ ನಿರಾಕರಿಸಿದರೂ, ಈ ಹೊಣೆಯನ್ನು ಸ್ಪಷ್ಟಪಡಿಸಿದೆ. ಬಿಸಿನೀರಿಲ್ಲದ ಉಪ್ಪಿಟ್ಟಿನ ಕಪ್ಪಿನ ಚಿತ್ರವಿದ್ದರೆ ಖಂಡಿತ ಲಗತ್ತಿಸಿ. ಎರಡು ಬಾರಿಯ ಟ್ಯಾಕ್ಸಿ ಬಾಡಿಗೆ ಡಿಜಿಸಿಎ ನಿಯಮದ ಲೆಕ್ಕಕ್ಕೆ ಬರುವುದಿಲ್ಲ. ನಮ್ಮಂಥ ಹೊರ ಜಿಲ್ಲೆಯವರಿಗೆ ದೊಡ್ಡ ಹೊರೆ ಅದೇ ಆದರೂ ನಿಯಮ ಬರೆದವರಿಗೆ ಅದು ಕಂಡಿಲ್ಲ. ಸೇವಾ ನ್ಯೂನತೆಯ ದೂರಿನಲ್ಲಿ ಮಾತ್ರ ಅದನ್ನು ನಷ್ಟವೆಂದು ಕೇಳಬಹುದು, ಕೊಡುವುದು ಆಯೋಗದ ವಿವೇಚನೆ. ಬುಕಿಂಗ್ ಜಾಲತಾಣದವರನ್ನೂ ಎದುರುದಾರರನ್ನಾಗಿ ಸೇರಿಸಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಪ್ರಮಾಣಪತ್ರ ತರಿಸಿಕೊಂಡೆ, ಅದರಲ್ಲೂ ‘ಆಪರೇಷನಲ್’ ಎಂದಷ್ಟೇ ಇದೆ, ಹವಾಮಾನದ ಮಾತೇ ಇಲ್ಲ. ನೋಡಲ್ ಅಧಿಕಾರಿಗೆ ಆ ಎರಡು ಪ್ರಶ್ನೆಗಳನ್ನು ಕಳುಹಿಸಿದ್ದೇನೆ. ಹೋಗುವಾಗಿನ ಕಾರಿನವರು ಪರಿಚಿತರು, ಬಿಲ್ ಕೊಟ್ಟಿಲ್ಲ. ಬಿಳಿ ಹಾಳೆಯಲ್ಲಿ ಬರೆಸಿಕೊಂಡರೆ ನಡೆಯುತ್ತದೆಯೇ?

ವಕೀಲ, ತುಮಕೂರು

ನಡೆಯುತ್ತದೆ. ದಿನಾಂಕ, ವಾಹನ ಸಂಖ್ಯೆ, ಮೊತ್ತ ಬರೆಸಿ ಸಹಿ ಹಾಕಿಸಿಕೊಳ್ಳಿ. ಫೋನಿನಿಂದ ಹಣ ಕಳುಹಿಸಿದ್ದರೆ ಅದರ ದಾಖಲೆಯನ್ನೂ, ಆ ರಾತ್ರಿಯ ಫಾಸ್ಟ್ಯಾಗ್ ಕಡಿತದ ವಿವರವನ್ನು ಅವರಿಂದ ಪಡೆದು ಅದನ್ನೂ ಜೊತೆಗಿಡಿ.