ಟೊಮೆಟೊ ಗಿಡ ಆಳೆತ್ತರ ಬಂದಿದೆ, ಕಾಯಿ ಮಾತ್ರ ಇಲ್ಲ

ಪ್ರಶ್ನೆ: ಸರ್, ಬೆಂಗಳೂರಿನಲ್ಲಿ ನಮ್ಮ ಮನೆ ಹಿಂದೆ 10 ಅಡಿಗೆ 6 ಅಡಿ ಮಣ್ಣಿನ ಜಾಗ ಇದೆ. ಅದರ ದಕ್ಷಿಣಕ್ಕೆ ಪಕ್ಕದವರ ಮನೆ. ಹೋದ ವರ್ಷ ಅವರು ಮೂರು ಮಹಡಿ ಏರಿಸಿದರು. ಈಗ ಡಿಸೆಂಬರಿನಲ್ಲಿ ಬೆಳಗ್ಗೆ ಎರಡೂವರೆ ಗಂಟೆ ಬಿಸಿಲು ಬಿದ್ದರೆ ಜಾಸ್ತಿ. ಟೊಮೆಟೊ ಹೂವೆಲ್ಲ ಉದುರುತ್ತಿದೆ. ಇಲ್ಲಿವರೆಗೆ ಸಿಕ್ಕಿದ್ದು ಮೂರೇ ಹಣ್ಣು. ಬೇವಿನ ಹಿಂಡಿ, ಸಗಣಿ ಗೊಬ್ಬರ ಎರಡೂ ಹಾಕಿದೆ. ಇನ್ನೇನು ಹಾಕಲಿ?

ಉತ್ತರ: ಏನೂ ಹಾಕಬೇಡಿ ಮೇಡಂ. ಗಿಡ ಬೆಳಕು ಹುಡುಕಿಕೊಂಡು ಮೇಲೆ ಹೋಗಿದೆ, ಅಷ್ಟೆ. ಟೊಮೆಟೊ, ಬದನೆ, ಬೆಂಡೆಗೆಲ್ಲ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು.

ಆದರೆ ನಿಮ್ಮ ಜಾಗ ವರ್ಷವಿಡೀ ನೆರಳಲ್ಲ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. 30 ಅಡಿ ಕಟ್ಟಡವಾದರೆ ನಡುಮಧ್ಯಾಹ್ನವೂ 20 ಅಡಿ ದಾಟಿ ನೆರಳು ಬೀಳುತ್ತದೆ. ಏಪ್ರಿಲ್ 24ರ ಸುಮಾರಿಗೆ ಬೆಂಗಳೂರಿನಲ್ಲಿ ಸೂರ್ಯ ಸರಿಯಾಗಿ ನೆತ್ತಿ ಮೇಲೆ. ಅಲ್ಲಿಂದ ಆಗಸ್ಟ್ 18ರ ತನಕ ಮಧ್ಯಾಹ್ನದ ಸೂರ್ಯ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಆಗ ಆ ಕಟ್ಟಡ ನಿಮಗೆ ಅಡ್ಡ ಬರುವುದಿಲ್ಲ. ಮಾರ್ಚ್ ಕೊನೆಗೆ ಬೆಂಡೆ ಬೀಜ ಊರಿ, ಒಂದೂವರೆ ತಿಂಗಳಲ್ಲಿ ಕಾಯಿ ಕೀಳುತ್ತೀರಿ.

ಈಗ ಸೊಪ್ಪು ಹಾಕಿ. ಪಾಲಕ್, ಮೆಂತ್ಯ, ಕೊತ್ತಂಬರಿಗೆ ಮೂರು ಗಂಟೆ ಬಿಸಿಲಲ್ಲೂ ನಡೆಯುತ್ತದೆ, ಸ್ವಲ್ಪ ನಿಧಾನ ಅಷ್ಟೆ. ಕೊತ್ತಂಬರಿ ಬೀಜದ ಮೇಲೆ ಲಟ್ಟಣಿಗೆ ಮೆಲ್ಲಗೆ ಉರುಳಿಸಿ, ಎರಡು ಹೋಳಾಗಲಿ. ರಾತ್ರಿ ನೆನೆಸಿ, ಅರ್ಧ ಇಂಚು ಆಳಕ್ಕೆ ಸಾಲಾಗಿ ಹಾಕಿ. ಮೊಳಕೆಗೆ ಎಂಟು ಹತ್ತು ದಿನ ಬೇಕು. ಐದನೇ ದಿನಕ್ಕೇ ಮಣ್ಣು ಕೆದಕಿ ನೋಡುವವರು ಬಹಳ ಜನ! ಪುದೀನಕ್ಕೆ ದುಡ್ಡು ಕೊಡಬೇಡಿ. ಮಾರ್ಕೆಟ್ಟಿನ ಕಟ್ಟಿನಲ್ಲಿ ಗಟ್ಟಿ ಕಡ್ಡಿ ಆರಿಸಿ ನೀರಿನ ಲೋಟದಲ್ಲಿ ನಿಲ್ಲಿಸಿ, ಬೇರು ಬಂದಮೇಲೆ ನೆಡಿ. ಹರಿವೆ, ದಂಟು ಮಾತ್ರ ಈಗ ಬೇಡ. ಅವು ಬಿಸಿಲಿನ ಸೊಪ್ಪು, ನೆರಳಲ್ಲಿ ಸುಮ್ನೆ ಉದ್ದ ಆಗುತ್ತವೆ.

ಇನ್ನೊಬ್ಬರು: ಸರ್, ನಮ್ಮದು ಮಾವಿನ ಮರದ ಕೆಳಗಿನ ಜಾಗ. ಚಕ್ರಮುನಿ ಹಾಕಬಹುದಾ?

ಉತ್ತರ: ಧಾರಾಳವಾಗಿ. ಅರೆ ನೆರಳಲ್ಲಿ ಚೆನ್ನಾಗಿ ಬರುತ್ತದೆ, ಕಡ್ಡಿ ಊರಿದರೆ ಸಾಕು. ಪಲ್ಯ, ಸಾರು ಮಾಡಿ. ಹಸಿ ಸೊಪ್ಪಿನ ಜ್ಯೂಸ್ ಮಾತ್ರ ಬೇಡ. 1990ರ ದಶಕದಲ್ಲಿ ತೈವಾನಿನಲ್ಲಿ ತೂಕ ಇಳಿಸಲು ಹಾಗೆ ಕುಡಿದು ಶ್ವಾಸಕೋಶ ಕೆಡಿಸಿಕೊಂಡವರಿದ್ದಾರೆ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಸರ್. ಸೊಪ್ಪು ಹಾಕಿದರೆ ಬಸವನಹುಳು ಬಿಡುತ್ತವಾ? ಉಪ್ಪು ಹಾಕಲಾ?

ಉತ್ತರ: ಉಪ್ಪು ಬೇಡ, ಮಣ್ಣು ಕೆಡುತ್ತದೆ. ನೆರಳಿನ ಮಣ್ಣು ಬೇಗ ಒಣಗುವುದಿಲ್ಲ, ನೀವು ಸಂಜೆ ನೀರು ಹಾಕುತ್ತಿರಬೇಕು, ಅಲ್ವಾ? ಬೆಳಗ್ಗೆ ಹಾಕಿ, ಅದೂ ಬೆರಳು ಚುಚ್ಚಿ ನೋಡಿ ಒಣಗಿದ್ದರೆ ಮಾತ್ರ. ರಾತ್ರಿ ಒದ್ದೆ ಗೋಣಿಚೀಲ ಹಾಸಿಡಿ. ಬೆಳಗ್ಗೆ ಎತ್ತಿದರೆ ಎಲ್ಲ ಅದರಡಿಯೇ ಸೇರಿರುತ್ತವೆ. ಕೈಗೆ ಕವರ್ ಹಾಕಿಕೊಂಡು ಆರಿಸಿ.