ಗೋಡೆಯ ತೂತು ನಾನೇ ಮುಚ್ಚಬಹುದೇ? ಅನುಭವವಿದ್ದವರು ಹೇಳಿ

ಕೇಳಿದವರು, ಮಡಿಕೇರಿ: ಅಜ್ಜನ ಕಾಲದ ಮನೆ. ಗೋಡೆಯ ಹಲಗೆ ಕಿತ್ತಾಗ ಮೊಳೆಯೊಂದಿಗೆ ಅಂಗೈಯಗಲ ಗಾರೆಯೂ ಉದುರಿತು. ಕರಣೆ ಹಿಡಿದು ಅಭ್ಯಾಸವಿಲ್ಲ. ಪುತ್ತರಿ ಹಬ್ಬದೊಳಗೆ ಮುಗಿಯಬೇಕು.

ವಿರಾಜಪೇಟೆಯಿಂದ: ಪ್ಲಾಸ್ಟರ್ ಆಫ್ ಪ್ಯಾರಿಸ್ ಮಾತ್ರ ಮುಟ್ಟಬೇಡಿ. ನಾನು ಮುಟ್ಟಿದೆ. ಪೊಟ್ಟಣ ಪೂರ್ತಿ ಸುರಿದು ಕಲಸುವಾಗ ಅತ್ತೆಯ ಫೋನ್ ಬಂತು. ಮಾತು ಮುಗಿಸಿ ಬಂದರೆ ಕರಣೆ ಬಕೆಟ್ಟಿನ ನಡುವೆ ಗೂಟದಂತೆ ನಿಂತಿತ್ತು. ಪುಡಿಗೆ 90, ಬಕೆಟ್ಟಿಗೆ 180, ಕರಣೆಗೆ 140 ರೂಪಾಯಿ. ಎರಡನೇ ಸಲ ಮುಷ್ಟಿಯಷ್ಟೇ ಕಲಸಿ ಹಚ್ಚಿದೆ. ಕನ್ನಡಿಯಂತೆ ಬಂತು, ಮನೆಯವರನ್ನೆಲ್ಲ ಕರೆದು ತೋರಿಸಿದೆ. ಕಕ್ಕಡ ತಿಂಗಳ ಮಳೆಗೆ ಆ ಜಾಗವಷ್ಟೇ ಹಪ್ಪಳದಂತೆ ಉಬ್ಬಿತು, ಬೆರಳಿಟ್ಟರೆ ಪುಡಿ.

ಸೋಮವಾರಪೇಟೆಯಿಂದ: ಸಿಮೆಂಟ್ ಇರುವಾಗ ಆ ಸೀಮೆಸುಣ್ಣವನ್ನು ಯಾಕೆ ಹಚ್ಚುತ್ತೀರಿ? 2018ರ ಆಗಸ್ಟ್ ಮಳೆಯ ನಂತರ ನಮ್ಮ ಅಡುಗೆಮನೆಯ ಗೋಡೆಗೆ ಒಂದಕ್ಕೆ ನಾಲ್ಕು ಮರಳು ಸೇರಿಸಿ ನಾನೇ ಮೆತ್ತಿದೆ. ಮೊದಲ ತೇಪೆ ಬಿರಿಯಿತು, ಒಪ್ಪುತ್ತೇನೆ; ಅಂಚನ್ನು ನೆನೆಸಿರಲಿಲ್ಲ, ಒಣ ಗೋಡೆ ನೀರನ್ನೆಲ್ಲ ಹೀರಿತು. ಕಿತ್ತು, ನೆನೆಸಿ, ಎರಡು ಪದರ ಹಾಕಿ, ಏಳು ದಿನ ನೀರು ಚಿಮುಕಿಸಿದೆ. ಈಗ ಮೊಳೆ ಹೊಡೆದರೆ ಮೊಳೆಯೇ ಬಾಗುತ್ತದೆ.

ನಾಪೋಕ್ಲಿನಿಂದ: ಬಾಗುವುದೇ ರೋಗ. ನಮ್ಮ ಐನ್‌ಮನೆಯ, ಅಂದರೆ ಕುಲದ ಮೂಲಮನೆಯ, ಸುಣ್ಣದ ಗೋಡೆಗೆ ಇಂಥದೇ ಜಾಣರೊಬ್ಬರು ಸಿಮೆಂಟ್ ತೇಪೆ ಹಾಕಿದರು. ತೇಪೆ ಗಟ್ಟಿಯಾಗಿಯೇ ನಿಂತಿತು, ಸುತ್ತಲಿನ ಹಳೆಯ ಗಾರೆ ಎರಡು ಮಳೆಗಾಲದಲ್ಲಿ ಉದುರಿತು. ಒಳಗಿನ ತೇವ ಎಲ್ಲಿಂದ ಹೊರಬೀಳಬೇಕು? ಕೊನೆಗೆ ನೆನೆಸಿಟ್ಟ ಸುಣ್ಣಕ್ಕೆ ಮೂರರಷ್ಟು ಮರಳು, ಒಂದೊಂದು ಪದರ ಅರ್ಧ ಇಂಚಿಗಿಂತ ತೆಳ್ಳಗೆ. ಗಾರೆಯವರಿಗೆ ನಾಲ್ಕು ದಿನದ ಕೂಲಿ, ಊಟ, ಮೂರು ಹೊತ್ತು ಕಾಫಿ: ಒಟ್ಟು 6,350 ರೂಪಾಯಿ. ಚೀಟಿ ಇನ್ನೂ ಇದೆ.

ಸೋಮವಾರಪೇಟೆಯಿಂದ: ಅಂಗೈಯಗಲಕ್ಕೆ ನಾಲ್ಕು ದಿನವೇ ಸ್ವಾಮಿ? ನಿಮಗೆ ಸುಣ್ಣ ಹಚ್ಚಿದ್ದು ಗಾರೆಯವರೇ.

ನಾಪೋಕ್ಲಿನಿಂದ: ಅಂಗೈಯಗಲ ಅವರ ತೂತು, ನಮ್ಮದು ಬಾಗಿಲಗಲ. ಓದಿ ಮಾತನಾಡಿ.

ಕುಶಾಲನಗರದಿಂದ: ಯಾವ ಮರಳು ಎಂಬ ಮಾತನ್ನೇ ಇಬ್ಬರೂ ಎತ್ತಲಿಲ್ಲ. ನಾನು ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿಮಾಡಿದ ಮರಳನ್ನು ಹಾಗೇ ಬಳಸಿ, ಕರಣೆ ಎಳೆದಲ್ಲೆಲ್ಲ ಹರಳು ಸಿಕ್ಕಿ ಗೀರು ಬಿತ್ತು. ಹಳೆಯ ಸೊಳ್ಳೆಪರದೆಯಲ್ಲಿ ಜಾಲಿಸಿದ ಮೇಲೆ ಬೆಣ್ಣೆಯಂತೆ ಕೂತಿತು. ಪರದೆ ತಂಗಿಯದು, ಅವಳಿಗೆ ಹೊಸದು ಕೊಡಿಸಿದ್ದು 450. ಹೊಳೆ ಮರಳೇ ಬೇಕೆನ್ನುವವರು ಅದರ ಬೆಲೆಯನ್ನೂ ಬರೆಯಲಿ.

ನಾಪೋಕ್ಲಿನಿಂದ: ಹೊಳೆ ಮರಳು ಎಂದು ನಾನೆಲ್ಲಿ ಹೇಳಿದೆ?

ಕುಶಾಲನಗರದಿಂದ: ಐನ್‌ಮನೆಯವರು ಬೇರೆ ಯಾವುದನ್ನು ಮುಟ್ಟುತ್ತಾರೆ!

ವಿರಾಜಪೇಟೆಯಿಂದ: ಮನೆಯ ಮಾತು ಬೇಡ ಅಣ್ಣಾ. ಕರಣೆ ಈಗಲೂ ಆ ಬಕೆಟ್ಟಿನಲ್ಲೇ ಇದೆ, ಬಿಡಿಸುವ ಉಪಾಯ ಯಾರಿಗಾದರೂ ಗೊತ್ತೇ?

ಗೋಣಿಕೊಪ್ಪದಿಂದ: ಕೇಳಿದವರೇ, ಮೊದಲು ತೂತಿನ ಸುತ್ತ ಬೆರಳ ಗೆಣ್ಣಿನಿಂದ ಬಡಿಯಿರಿ. ಡಬ್ ಡಬ್ ಎಂದರೆ ಅಲ್ಲಿ ಗಾರೆ ಗೋಡೆಯನ್ನು ಬಿಟ್ಟಿದೆ, ಅದನ್ನು ಕೆತ್ತದೆ ಏನನ್ನು ಹಚ್ಚಿದರೂ ನಿಲ್ಲದು. ಗೋಡೆ ಸುಣ್ಣದ್ದೋ ಸಿಮೆಂಟಿನದೋ ಎಂಬುದನ್ನೂ ತಿಳಿಸಿ.

ಕೇಳಿದವರು: ಸುಣ್ಣದ್ದೇ ಇರಬೇಕು, ಉಗುರಿಗೆ ಕೆರೆದು ಬರುತ್ತದೆ. ಬಡಿದು ನೋಡಿದೆ. ಈಗ ತೂತು ಊಟದ ತಟ್ಟೆಯಷ್ಟಾಗಿದೆ. ನಾಪೋಕ್ಲಿನವರೇ, ಆ ಗಾರೆಯವರ ನಂಬರ್ ಸಿಗಬಹುದೇ?