ಶಿವಮೊಗ್ಗ ಪೇಟೆಯೊಳಗೆ ಐದು ದಿನದ ಯುವಜನ ಸೇವಾ ಶಿಬಿರ: ಗೊತ್ತಿರುವವರು ಹೇಳಿ

ಕೇಳಿದ್ದು: ನಮ್ಮ ಚರ್ಚಿನ ಯೂತ್ ಫೆಲೋಶಿಪ್‌ನ 14 ಜನ, 17ರಿಂದ 22 ವಯಸ್ಸಿನವರು, ದಸರಾ ರಜೆಯಲ್ಲಿ ಐದು ದಿನ ಶಿವಮೊಗ್ಗ ಪೇಟೆಯೊಳಗೇ ಸೇವೆ ಮಾಡೋಣ ಅಂತ ತೀರ್ಮಾನ ಆಗಿದೆ. ರಾತ್ರಿ ಚರ್ಚ್ ಹಾಲಿನಲ್ಲೇ ಮಲಗೋದು. ಕೈಯಲ್ಲಿ 30,000 ರೂಪಾಯಿ ಇದೆ. ಊಟ ಹಂಚೋದು, ಮಕ್ಕಳಿಗೆ ಕಾರ್ಯಕ್ರಮ, ಮೆಗ್ಗಾನ್ ಆಸ್ಪತ್ರೆ ಭೇಟಿ, ಒಂದು ಅಂಗನವಾಡಿಗೆ ಬಣ್ಣ, ಇಷ್ಟು ಪಟ್ಟಿಯಲ್ಲಿದೆ. ಯಾರಿಗೂ ಇದರ ಅಭ್ಯಾಸ ಇಲ್ಲ. ಎಲ್ಲಿಂದ ಶುರು ಮಾಡಬೇಕು, ಎಲ್ಲಿ ಎಡವಟ್ಟಾಗುತ್ತೆ, ದಯವಿಟ್ಟು ಬಿಡಿಸಿ ಹೇಳಿ.

ಯುವಜನ ಸಂಘದ ಉಸ್ತುವಾರಿ ನೋಡುವವರು:

ತಮ್ಮಾ, ಪಟ್ಟಿಯಲ್ಲಿರೋ ನಾಲ್ಕರಲ್ಲಿ ಎರಡನ್ನು ಹೊಡೆದು ಹಾಕಿ. ಐದು ದಿನಕ್ಕೆ ನಾಲ್ಕು ಕೆಲಸ ಇಟ್ಟುಕೊಂಡರೆ ಅರ್ಧ ದಿನ ಆಟೋದಲ್ಲೇ ಕಳೆಯುತ್ತೆ. ದಸರಾ ಮೆರವಣಿಗೆಯ ದಿನವಂತೂ ಗಾಂಧಿ ಬಜಾರ್, ನೆಹರೂ ರಸ್ತೆ ಕಡೆ ಮಧ್ಯಾಹ್ನದ ಮೇಲೆ ಏನನ್ನೂ ಇಟ್ಟುಕೊಳ್ಳಬೇಡಿ.

14 ಜನ ಒಟ್ಟಿಗೆ ಒಂದು ಕೇರಿಗೆ ನುಗ್ಗಿದರೆ ಅದು ಸೇವೆಯಲ್ಲ, ಜಾಥಾ. ಮೂರು ತಂಡ ಮಾಡಿ: 5, 5, 4. ಒಂದೊಂದಕ್ಕೆ 30 ದಾಟಿದ ಇಬ್ಬರು ಹಿರಿಯರು, ಅದರಲ್ಲಿ ಒಬ್ಬರು ಹೆಂಗಸು ಇರಲೇಬೇಕು. ಒಂದು ತಂಡಕ್ಕೆ ಐದೂ ದಿನ ಅದೇ ಬೀದಿ. ಮೊದಲ ದಿನ ಜನ ಬಾಗಿಲಲ್ಲೇ ನಿಲ್ಲಿಸಿ ಮಾತಾಡ್ತಾರೆ, ಮೂರನೇ ದಿನ ಜಗಲಿ ಮೇಲೆ ಕೂರಿಸ್ತಾರೆ. ದಿನಕ್ಕೊಂದು ಜಾಗ ಅಂತ ತಿರುಗಿದರೆ ಐದೂ ದಿನ ಮೊದಲ ದಿನವೇ ಆಗಿಬಿಡುತ್ತೆ.

ಬೀದಿಯನ್ನು ಮ್ಯಾಪ್ ನೋಡಿ ಆರಿಸಬೇಡಿ. ಅಲ್ಲಿಗೆ ಆಗಲೇ ಹೋಗಿಬರುವವರು ಯಾರು ಅಂತ ಹುಡುಕಿ: ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ಕಾನ್ವೆಂಟಿನ ಸಿಸ್ಟರ್‌ಗಳು, ಬಡವರ ಮನೆಗಳಿಗೆ ಹೋಗಿ ನೆರವಾಗುವ ಕ್ಯಾಥೊಲಿಕರ ವಿನ್ಸೆಂಟ್ ಡಿ ಪಾಲ್ ಸಭೆಯವರು, ಇಲ್ಲವೇ ಅದೇ ಕೇರಿಯಲ್ಲಿ ಮನೆ ಇರುವ ನಿಮ್ಮ ಸಭೆಯ ಕುಟುಂಬ. ಎರಡು ವಾರ ಮೊದಲೇ ಇಬ್ಬರು ಅವರ ಜೊತೆ ಹೋಗಿ "ನಿಮಗೆ ಏನು ತೊಂದರೆ ಇದೆ" ಅಂತ ಕೇಳೋದು ಬಿಟ್ಟು, "ಇಲ್ಲಿ ಯಾವ ಕೆಲಸಕ್ಕೆ ಕೈ ಸಾಲ್ತಿಲ್ಲ" ಅಂತ ಕೇಳಿ. ಮೊದಲನೆಯ ಪ್ರಶ್ನೆಗೆ ಮನೆ ಪಟ್ಟಾದಿಂದ ಹಿಡಿದು ನಿಮ್ಮಿಂದ ಆಗದ್ದೆಲ್ಲ ಬರುತ್ತೆ.

ಹೊತ್ತು ನೋಡಿ ಹೋಗಿ. ಮನೆಗೆಲಸಕ್ಕೆ ಹೋಗುವ ಹೆಂಗಸರು ಏಳೆಂಟು ಗಂಟೆಗೆ ಹೊರಟರೆ ವಾಪಸಾಗೋದು ಮಧ್ಯಾಹ್ನ. ಅಕ್ಟೋಬರ್ ಅಂದರೆ ಅಡಿಕೆ ಕೊಯ್ಲು ಶುರುವಾಗುವ ಕಾಲ. ಅಡಿಕೆ ಸುಲಿಯೋಕೆ ಹೋಗುವವರ ಬೀದಿಯಲ್ಲಿ ಹಗಲು ಮಕ್ಕಳು, ಮುದುಕರು ಬಿಟ್ಟರೆ ಯಾರೂ ಸಿಗಲ್ಲ. ಬೆಳಿಗ್ಗೆ ನೀರು ಬಿಡುವ ಹೊತ್ತಲ್ಲಿ ಯಾರ ಮನೆ ಬಾಗಿಲನ್ನೂ ತಟ್ಟಬೇಡಿ. ಸಂಜೆ 4ರಿಂದ 6 ಒಳ್ಳೆಯದು. ಕತ್ತಲಾಗುವ ಮೊದಲು ಎಲ್ಲರೂ ಹಾಲಿಗೆ ವಾಪಸ್.

ಕಾಗದಪತ್ರ ಮಾತ್ರ ಬೇಗ ಮುಗಿಸಿ. 18 ತುಂಬದವರ ತಂದೆ ಅಥವಾ ತಾಯಿಯ ಒಪ್ಪಿಗೆ ಪತ್ರ, ಎಲ್ಲರ ರಕ್ತದ ಗುಂಪು, ಅಲರ್ಜಿ, ಮನೆಯ ಫೋನ್ ನಂಬರ್ ಒಂದು ಹಾಳೆಯಲ್ಲಿ. ಅದರ ಪ್ರತಿ ಮೂರೂ ತಂಡದಲ್ಲಿರಲಿ. ಚರ್ಚಿನ ಲೆಟರ್‌ಹೆಡ್‌ನಲ್ಲಿ ತಾರೀಖು, ಜಾಗ, ಕೆಲಸ, ಹೋಗುವವರ ಹೆಸರು ಬರೆದು ಆ ವ್ಯಾಪ್ತಿಯ ಠಾಣೆಗೆ ಕೊಡಿ. ದೊಡ್ಡಪೇಟೆಯೋ ಕೋಟೆಯೋ ತುಂಗಾನಗರವೋ ಮೊದಲೇ ಕೇಳಿಕೊಳ್ಳಿ. ಎರಡು ಪ್ರತಿ ಒಯ್ದು ಒಂದರ ಮೇಲೆ ಸ್ವೀಕೃತಿ ಸೀಲ್ ಹಾಕಿಸಿಕೊಂಡು ಬನ್ನಿ. ಮೈಕ್ ಬೇಡವೇ ಬೇಡ.

ಕಾನೂನು ಕಡೆಯ ವಿಷಯ ಬಲ್ಲವರು:

ಮೇಲಿನವರು ಠಾಣೆಗೆ ಪತ್ರ ಕೊಡಿ ಅಂದದ್ದು ಯಾಕೆ ಅಂತ ಬಿಡಿಸಿ ಹೇಳಬೇಕು. 2022ರ ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆಯಲ್ಲಿ, ಅಂದರೆ ಜನ ಮತಾಂತರ ನಿಷೇಧ ಕಾಯ್ದೆ ಅನ್ನೋದರಲ್ಲಿ, "ಆಮಿಷ" ಅನ್ನುವುದರೊಳಗೆ ಉಡುಗೊರೆ, ಹಣ, ಕೆಲಸದ ಭರವಸೆ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ ಎಲ್ಲ ಬರುತ್ತೆ. ಮಕ್ಕಳು, ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರ ವಿಷಯದಲ್ಲಾದರೆ 3ರಿಂದ 10 ವರ್ಷ ಜೈಲು, ಕನಿಷ್ಠ 50,000 ರೂಪಾಯಿ ದಂಡ. ದೂರು ಕೊಡೋಕೆ ಮತಾಂತರವಾದವರೇ ಬರಬೇಕಿಲ್ಲ; ಸಂಬಂಧಿಕರು, ಜೊತೆಗೆ ಕೆಲಸ ಮಾಡುವವರೂ ಕೊಡಬಹುದು. ರದ್ದು ಮಾಡುವ ತೀರ್ಮಾನವನ್ನು ಸಚಿವ ಸಂಪುಟ 2023ರ ಜೂನ್‌ನಲ್ಲಿ ತೆಗೆದುಕೊಂಡಿತು. ಸಂಪುಟದ ತೀರ್ಮಾನವೇ ಕಾಯ್ದೆಯನ್ನು ಅಳಿಸಲ್ಲ, ಹಾಗಾಗಿ ಹೊರಡುವ ಮೊದಲು ನಿಮ್ಮ ಸಭೆಗೆ ಗೊತ್ತಿರುವ ವಕೀಲರ ಹತ್ತಿರ ಈಗಿನ ಸ್ಥಿತಿ ಕೇಳಿಕೊಳ್ಳಿ.

ಹಾಗಂತ ನಂಬಿಕೆಯನ್ನು ಮುಚ್ಚಿಟ್ಟುಕೊಂಡು ತಿರುಗಬೇಕಿಲ್ಲ. ಯಾರು ನೀವು ಅಂದರೆ "ಇಂಥ ಚರ್ಚಿನವರು" ಅಂತ ನೇರ ಹೇಳಿ. ಹೇಳದೆ ಹೋದರೇ ಅನುಮಾನ ಜಾಸ್ತಿ. ಊಟ, ಪುಸ್ತಕ, ಔಷಧ ಏನೇ ಇರಲಿ, ಕೊಡುವ ಕೈಯಲ್ಲಿ ಕರಪತ್ರ ಇರಬಾರದು, ಅಷ್ಟೇ. ಕೊಡುವ ಜಾಗದಲ್ಲಿ ಪ್ರಾರ್ಥನೆಯನ್ನೂ ಇಡಬೇಡಿ. ಮಕ್ಕಳ ಕಾರ್ಯಕ್ರಮದಲ್ಲಿ ಬೈಬಲ್ ಕಥೆ, ಗೀತೆ ಇರಬೇಕು ಅಂತಿದ್ದರೆ ಅದನ್ನು ನಿಮ್ಮ ಸಭೆಯ ಮಕ್ಕಳಿಗೆ ಚರ್ಚ್ ಆವರಣದಲ್ಲಿ ವಿಬಿಎಸ್ (ರಜೆಯ ಬೈಬಲ್ ಶಾಲೆ) ಅಂತ ಬೇರೆಯೇ ಮಾಡಿ. ಬೀದಿಯ ಮಕ್ಕಳಿಗೆ ಓದು, ಆಟ ಸಾಕು. ಮನೆಯವರೇ ಪ್ರಾರ್ಥನೆ ಮಾಡಿ ಅಂತ ಕೇಳಿಕೊಂಡರೆ ಜೊತೆಗಿರುವ ಹಿರಿಯರು ಎರಡು ಮಾತಲ್ಲಿ ಮುಗಿಸಲಿ. ರೋಗಿಯ ತಲೆ ಮೇಲೆ ಕೈಯಿಡೋದು, "ವಾಸಿ ಆಗುತ್ತೆ" ಅನ್ನೋದು ಬೇಡ. ಯಾರಾದರೂ ಬಂದು ಗದರಿಸಿದರೆ ವಾದ ಬೇಡ, ವಿಡಿಯೋ ಬೇಡ. ಸೀಲ್ ಇರುವ ಪತ್ರ ತೋರಿಸಿ, ಹಿರಿಯರು ಮಾತಾಡಲಿ, ಹುಡುಗರು ಹಾಲಿಗೆ ಹೊರಡಲಿ. ಗಲಾಟೆಯಾದರೆ 112ಕ್ಕೆ ಫೋನ್ ಮಾಡಿ.

ಅಡುಗೆ ಉಸ್ತುವಾರಿಯವರು:

100 ಜನಕ್ಕೆ ಲೆಕ್ಕ ಹೇಳ್ತೀನಿ, ಬರ್ಕೊಳ್ಳಿ. ಪುಳಿಯೋಗರೆಗೆ ಸೋನಾಮಸೂರಿ 10 ಕೆಜಿ, ಹುಣಸೆಹಣ್ಣು 600 ಗ್ರಾಂ, ಬೆಲ್ಲ 250 ಗ್ರಾಂ, ಕಡ್ಲೆಬೀಜ ಮುಕ್ಕಾಲು ಕೆಜಿ, ಎಣ್ಣೆ 1 ಲೀಟರ್, ಉಪ್ಪು 200 ಗ್ರಾಂ ಹಾಕಿ ರುಚಿ ನೋಡಿ ಮೇಲೆ. ತಿನ್ನುವವರು ಎಪಿಎಂಸಿ ಹಮಾಲರೋ ಗಾರೆ ಕೆಲಸದವರೋ ಆದರೆ ಅಕ್ಕಿ 12 ಕೆಜಿಗೆ ಏರಿಸಿ, ಉಳಿದದ್ದನ್ನೂ ಅದೇ ಪ್ರಮಾಣದಲ್ಲಿ. ಹತ್ತೂ ಕೆಜಿಯನ್ನು ಒಂದೇ ಹಂಡೆಗೆ ಹಾಕಬೇಡಿ. ಅಭ್ಯಾಸ ಇಲ್ಲದವರ ಕೈಯಲ್ಲಿ ಅಡಿ ಸೀದು ಮೇಲೆ ಅರೆಬೆಂದ ಅಕ್ಕಿಯಾಗಿ ಉಳಿಯುತ್ತೆ. ಐದೈದು ಕೆಜಿ ಎರಡು ಸಲ.

ಪುಳಿಯೋಗರೆ ಯಾಕೆ ಅಂದರೆ ಹುಳಿ, ಎಣ್ಣೆ ಇರೋದರಿಂದ ಬೇಗ ಹಳಸಲ್ಲ. ಚಿತ್ರಾನ್ನಕ್ಕೆ ಕಾಯಿತುರಿ ಹಾಕಿ ಒಯ್ದರೆ ಮಧ್ಯಾಹ್ನದೊಳಗೆ ವಾಸನೆ ಬರುತ್ತೆ. ಎಲ್ಲರೂ ಮಾಡುವ ತಪ್ಪು ಬಿಸಿ ಅನ್ನವನ್ನೇ ಕಟ್ಟಿಬಿಡೋದು. ಒಳಗೆ ಹಬೆ ನೀರಾಗಿ ಅನ್ನ ಅಂಟಾಗುತ್ತೆ, ಆಮೇಲೆ ಹುಳಿ ಬರುತ್ತೆ. ಅಕ್ಕಿಯಲ್ಲಿರೋ ಕೆಲವು ಬ್ಯಾಕ್ಟೀರಿಯಾದ ಬೀಜಕಣ ಕುದಿಸಿದರೂ ಸಾಯಲ್ಲ, ಉಗುರುಬೆಚ್ಚಗಿನ ಅನ್ನದಲ್ಲಿ ಮತ್ತೆ ಬೆಳೆಯುತ್ತೆ. ವಾಂತಿ ಶುರುವಾಗೋದು ಅದರಿಂದ. ಅಗಲ ತಟ್ಟೆಯಲ್ಲಿ ತೆಳ್ಳಗೆ ಹರಡಿ, 20 ನಿಮಿಷ ಆರಿಸಿ, ಗೊಜ್ಜು ಕಲಸಿ, ಕಟ್ಟಿ. 10.30ಕ್ಕೆ ಅಡುಗೆ ಮುಗಿದರೆ 12.30ರೊಳಗೆ ಕೈಗೆ ಸೇರಬೇಕು. ಎರಡು ಗಂಟೆ ದಾಟಿದ ಮೇಲೆ ಉಳಿದದ್ದನ್ನು ಯಾರಿಗೂ ಕೊಡಬೇಡಿ, ಸಂಜೆಗೆ ನೀವೂ ತಿನ್ನಬೇಡಿ.

ಕಟ್ಟೋಕೆ ನ್ಯೂಸ್‌ಪೇಪರ್ ಬೇಡ, ಶಾಯಿ ಅನ್ನಕ್ಕೆ ಹತ್ತುತ್ತೆ. ನಮ್ಮ ಕಡೆ ಅಡಿಕೆ ಹಾಳೆ ತಟ್ಟೆ ಸಿಗುತ್ತಲ್ಲ, ಕೂತು ಉಣ್ಣುವವರಿಗೆ ಅದು; ಒಯ್ಯುವವರಿಗೆ ಬಾಳೆಲೆ ಹಾಕಿದ ಪೊಟ್ಟಣ. 100 ತಟ್ಟೆಗೆ ಎರಡು ದೊಡ್ಡ ಗೋಣಿಚೀಲ ಜೊತೆಗಿರಲಿ. ತಿಂದಾದ ಮೇಲೆ ಅರ್ಧ ಗಂಟೆ ಅಲ್ಲೇ ನಿಂತು ಆರಿಸಿ ತರಬೇಕು. ಇಲ್ಲದಿದ್ದರೆ ಮರುದಿನ ಬೆಳಿಗ್ಗೆ ಪೌರಕಾರ್ಮಿಕರ ತಲೆ ಮೇಲೆ ಬೀಳುತ್ತೆ. ಮೊಟ್ಟೆ, ಮಾಂಸ ಬೇಡ.

ಇನ್ನೊಬ್ಬರು:

ಲೆಕ್ಕ ಸರಿ, ಆದರೆ ಊಟ ಹಂಚೋದೇ ಬೇಕಾ ಅಂತ ಮೊದಲು ನೋಡಿ. ಇಂದಿರಾ ಕ್ಯಾಂಟೀನಿನಲ್ಲಿ ತಿಂಡಿ 5 ರೂಪಾಯಿ, ಊಟ 10 ರೂಪಾಯಿ. ಅದರ ಪಕ್ಕದಲ್ಲೇ ಮಧ್ಯಾಹ್ನ ಪೊಟ್ಟಣ ಹಿಡಿದು ನಿಂತರೆ ಅರ್ಧ ವಾಪಸ್ ಬರುತ್ತೆ. ಊಟ ಬೇಕಾಗಿರೋದು ನಡೆಯಲಾಗದೆ ಮನೆಯಲ್ಲೇ ಕೂತಿರುವ ಮುದುಕರಿಗೆ. ಅಂಥವರು ಒಂದು ಬೀದಿಯಲ್ಲಿ ಎಂಟ್ಹತ್ತು ಮಂದಿ ಇರಬಹುದು, ಆಶಾ ಅಕ್ಕನ ಹತ್ತಿರ ಪಟ್ಟಿ ಇರುತ್ತೆ. ಹತ್ತು ಜನಕ್ಕೆ ಐದು ದಿನ ಮೆತ್ತಗಿನ ಅನ್ನ, ಬೇಳೆಸಾರು. ಫೋಟೋಗೆ ಚೆಂದ ಕಾಣಲ್ಲ ಅಷ್ಟೇ.

ಆಸ್ಪತ್ರೆ ಕೆಲಸ ಗೊತ್ತಿರುವವರು:

ಮೆಗ್ಗಾನ್ ಅಂದರೆ ಬೋಧನಾ ಆಸ್ಪತ್ರೆ. ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬದಿಂದೆಲ್ಲ ಬರ್ತಾರೆ. ಹಣ್ಣು, ಬ್ರೆಡ್ ಹಿಡಿದು ವಾರ್ಡಿಗೆ ಹೋಗೋದನ್ನು ಬಿಡಿ. ಬೆಳಿಗ್ಗೆ ಆಪರೇಷನ್ ಇರುವವರು ಖಾಲಿ ಹೊಟ್ಟೆಯಲ್ಲಿರಬೇಕು, ಸಕ್ಕರೆ ಕಾಯಿಲೆಯವರಿಗೆ ಬಾಳೆಹಣ್ಣು ಆಗಲ್ಲ, ಪಾರ್ಶ್ವವಾಯು ಆದವರಿಗೆ ನುಂಗೋಕೆ ಬರದೆ ಶ್ವಾಸಕೋಶಕ್ಕೆ ಹೋಗುತ್ತೆ. ನರ್ಸ್ ಹೇಳದೆ ಒಂದು ಲೋಟ ನೀರನ್ನೂ ಕೊಡಬಾರದು.

ಕಷ್ಟ ಇರೋದು ರೋಗಿಯ ಜೊತೆ ಬಂದವರಿಗೆ. ಅವರು ಎಷ್ಟೋ ಸಲ ಉಟ್ಟ ಬಟ್ಟೆಯಲ್ಲೇ ಹೊರಟು ಬಂದಿರ್ತಾರೆ. ರೇಷನ್ ಕಾರ್ಡ್ ಊರಲ್ಲೇ ಬಿಟ್ಟಿರ್ತಾರೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಆದರೆ ಆಧಾರ್ ಮತ್ತು ರೇಷನ್ ಕಾರ್ಡ್ ಬೇಕು. ಊರಿಗೆ ಫೋನ್ ಹಚ್ಚಿಕೊಟ್ಟು ಕಾರ್ಡಿನ ಫೋಟೋ ತರಿಸೋದು, ಸರಿಯಾದ ಕೌಂಟರಿಗೆ ಕರ್ಕೊಂಡು ಹೋಗೋದು, ಚೀಟಿ ಬರೆದುಕೊಡೋದು, ಅವರು ಸ್ನಾನಕ್ಕೆ ಹೋಗಿಬರುವವರೆಗೆ ಚೀಲ ಕಾಯೋದು, ಇಷ್ಟೇ ಕೆಲಸ. ಸಹಿ ಮಾತ್ರ ಅವರದ್ದೇ ಇರಲಿ. ಹಣ, ಎಟಿಎಂ ಕಾರ್ಡ್, ಮಾತ್ರೆ ಇವು ಮೂರನ್ನೂ ಕೈಯಲ್ಲಿ ಹಿಡಿಯಬೇಡಿ.

ಅಧೀಕ್ಷಕರ ಅನುಮತಿ ಪತ್ರ ಬೇಕು, ಕೇಳೋಕೆ ಹತ್ತು ದಿನ ಮುಂಚೆ ಹೋಗಿ. ಒಂದು ಸಲಕ್ಕೆ ನಾಲ್ಕೇ ಜನ, ಎರಡು ಗಂಟೆ. ಮಾಸ್ಕ್ ಕಡ್ಡಾಯ. ಟಿಬಿ ವಾರ್ಡಿಗೆ, ಐಸಿಯು ಕಡೆಗೆ ಹುಡುಗರನ್ನು ಬಿಡಬೇಡಿ. ಸಾವು ಕಣ್ಣೆದುರೇ ಆಗುವ ಸಂಭವ ಇದೆ ಅಂತ 17-18ರವರಿಗೆ ಮೊದಲೇ ಹೇಳಿ. ಬೇಡ ಅಂದವರನ್ನು ಒತ್ತಾಯ ಮಾಡಬೇಡಿ.

ಮಕ್ಕಳ ಕಾರ್ಯಕ್ರಮ ನಡೆಸುವ ಟೀಚರ್:

25 ಮಕ್ಕಳಿಗೆ ಐದು ಜನ ಬೇಕು. ಆರರಿಂದ ಹನ್ನೆರಡು ವಯಸ್ಸಿನವರು ಅಂತ ಹೇಳಿರ್ತೀರಿ. ಅಕ್ಕಂದಿರ ಸೊಂಟದ ಮೇಲೆ ಎರಡು ವರ್ಷದ್ದೂ ಬರುತ್ತೆ. ಒಬ್ಬರನ್ನು ಚಿಕ್ಕವರಿಗೆ ಅಂತಲೇ ಚಾಪೆ, ಪಾತ್ರೆ-ಡಬ್ಬಿ ಕೊಟ್ಟು ಕೂರಿಸಿ. ಉಳಿದವರನ್ನು ತರಗತಿ ನೋಡಿ ಭಾಗ ಮಾಡಬೇಡಿ, ಓದಿಸಿ ನೋಡಿ ಮಾಡಿ: ಅಕ್ಷರ ಬರದವರು, ಪದ ಓದುವವರು, ಪ್ಯಾರಾ ಓದುವವರು. ಐದನೇ ತರಗತಿಯ ಮಗು ಪದದ ಗುಂಪಿಗೆ ಬಂದರೆ ಅದನ್ನು ಜೋರಾಗಿ ಹೇಳಬೇಡಿ. ಉರ್ದು ಶಾಲೆಯ ಮಕ್ಕಳಿದ್ದರೆ ಗಣಿತದ ಆಟದಿಂದ ಶುರು ಮಾಡಿ, ಕನ್ನಡ ಆಮೇಲೆ.

ಎರಡು ಗಂಟೆಗಿಂತ ಜಾಸ್ತಿ ಬೇಡ: 20 ನಿಮಿಷ ಓಡುವ ಆಟ, 35 ನಿಮಿಷ ಓದು, 15 ನಿಮಿಷ ನೀರು-ಕಡ್ಲೆ, 30 ನಿಮಿಷ ಚಿತ್ರ, ಉಳಿದದ್ದು ಹಾಡು. ಕ್ರೆಯಾನ್ ಮೂವರಿಗೊಂದು ಡಬ್ಬಿ ಸಾಕು, ಹಂಚಿಕೊಂಡು ಕೂತಾಗಲೇ ಮಾತು ಬರೋದು. ಬಹುಮಾನ ಇಡಬೇಡಿ. ಮೊದಲ ದಿನ ಪೆನ್ಸಿಲ್ ಕೊಟ್ಟರೆ ಎರಡನೇ ದಿನ 60 ಮಕ್ಕಳು, ಮೂರನೇ ದಿನ ಜಗಳ.

ಯಾವ ಮಗುವಿನ ಜೊತೆಗೂ ಒಬ್ಬರೇ ಇರಕೂಡದು, ಬಚ್ಚಲಿಗೆ ಕರ್ಕೊಂಡು ಹೋಗುವಾಗಲೂ ಇಬ್ಬರು. ಮುಖ ಕಾಣುವ ಫೋಟೋ ಸ್ಟೇಟಸ್‌ಗೆ ಬೇಡ. ಹೊಡೆತದ ಗುರುತು, ಹೆದರಿಕೆ ಏನಾದರೂ ಕಂಡರೆ ಮಗುವನ್ನು ಬಿಡಿಸಿ ಬಿಡಿಸಿ ಕೇಳದೆ ಹಿರಿಯರಿಗೆ ಹೇಳಿ. ಅವರು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಲಿ. ಮನೆಯವರ ಹತ್ತಿರ ನೀವೇ ಹೋಗಿ ವಿಚಾರಿಸೋಕೆ ನಿಲ್ಲಬೇಡಿ, ಆ ರಾತ್ರಿ ಪೆಟ್ಟು ತಿನ್ನೋದು ಮಗುವೇ.

ಬಣ್ಣದ ಕೆಲಸ ಬಲ್ಲವರು:

ಹೊಡೆದು ಹಾಕಬೇಕಾದ ಎರಡರಲ್ಲಿ ಬಣ್ಣ ಒಂದಿರಲಿ ಅಂತ ನನ್ನ ಸಲಹೆ. ಮಳೆಗಾಲ ಕಳೆದ ಕೂಡಲೇ ಮಲೆನಾಡಿನ ಗೋಡೆ ಒಣಗಿರಲ್ಲ. ಒಂದಡಿ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪ್ ಹಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಒಳಗೆ ಹನಿ ಕಂಡರೆ ಡಿಸ್ಟೆಂಪರ್ ದಂಡ, ಕ್ರಿಸ್‌ಮಸ್ ಹೊತ್ತಿಗೆ ಹಪ್ಪಳದ ಹಾಗೆ ಏಳುತ್ತೆ. ಮಾಡಲೇಬೇಕು ಅಂದರೆ ಜನವರಿ ಕಳೆದ ಮೇಲೆ. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆಗೆ ಬಾಗಿಲು ಕಿಟಕಿ ಕಳೆದು 400 ಚದರಡಿ ಗೋಡೆ. ಪ್ರೈಮರ್ 4 ಲೀಟರ್, ಎರಡು ಸಲ ಬಳಿಯೋಕೆ ಡಿಸ್ಟೆಂಪರ್ 8 ಕೆಜಿ, 10 ಕೆಜಿಯ ಬಕೆಟ್ ತನ್ನಿ. ಅನುಮತಿ ಟೀಚರ್ ಕೊಟ್ಟರೆ ಸಾಲದು, ಸಿಡಿಪಿಓ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಿಂದ ಬೇಕು. ಬಾಡಿಗೆ ಕಟ್ಟಡವಾದರೆ ಮಾಲೀಕರದ್ದೂ.

ಚರಂಡಿ ಕ್ಲೀನ್ ಮಾಡ್ತೀವಿ ಅಂತ ಯಾರಾದರೂ ಹುಮ್ಮಸ್ಸು ತೋರಿಸಿದರೆ ಬೇಡ ಅನ್ನಿ. ತುಂಗೆ ಉಕ್ಕಿದಾಗ ನೀರು ನುಗ್ಗುವ ಇಮಾಮ್‌ಬಾಡಾ, ಕುಂಬಾರಗುಂಡಿ ಕಡೆಯ ಕೆಸರಿಗೆ ಕಾಲಲ್ಲಿ ಗಾಯ ಇಟ್ಟುಕೊಂಡು ಇಳಿದರೆ ಇಲಿಜ್ವರದ ಭಯ ಇದೆ.

ಯುವಜನ ಸಂಘದ ಉಸ್ತುವಾರಿ ನೋಡುವವರು, ಮತ್ತೆ:

ದುಡ್ಡಿನ ವಿಷಯ ಯಾರೂ ಹೇಳಲಿಲ್ಲ. 14 ಜನ, 6 ಹಿರಿಯರು, ಐದು ದಿನ: ಚರ್ಚಿನಲ್ಲೇ ಅಡುಗೆ ಮಾಡಿದರೆ ತಲೆಗೆ ದಿನಕ್ಕೆ 120ರಂತೆ 12,000. ಓಡಾಟಕ್ಕೆ 4,000. ಮಕ್ಕಳ ಸಾಮಾನಿಗೆ 3,000, ಮುದುಕರ ಊಟಕ್ಕೆ 4,000. ಪ್ರಥಮ ಚಿಕಿತ್ಸೆ, ಓಆರ್‌ಎಸ್, ಮಾಸ್ಕ್, ಸೊಳ್ಳೆಬತ್ತಿಗೆ 1,500. ಉಳಿದ 5,500 ಪಾಸ್ಟರ್ ಅಥವಾ ಫಾದರ್ ಹತ್ತಿರವೇ ಇರಲಿ. ಬೀದಿಯಲ್ಲಿ ಯಾರಾದರೂ ಸಾಲ, ಮಾತ್ರೆಗೆ ದುಡ್ಡು ಅಂತ ಕೇಳೇ ಕೇಳ್ತಾರೆ. ಹುಡುಗರ ಕೈಯಿಂದ ಹತ್ತು ರೂಪಾಯಿಯೂ ಹೋಗಬಾರದು. ಹೆಸರು ಬರ್ಕೊಂಡು ಬನ್ನಿ, ನಿಜವಾದ ತುರ್ತು ಇದ್ದರೆ ಹಿರಿಯರು ಮೆಡಿಕಲ್ ಶಾಪಿಗೇ ಹೋಗಿ ಕಟ್ಟಲಿ.

ಸಂಜೆ ಪ್ರಾರ್ಥನೆ ಮುಗಿದ ಮೇಲೆ ತಂಡಕ್ಕೆ ಹತ್ತು ನಿಮಿಷ ಕೊಡಿ: ಇವತ್ತು ಯಾರಿಗೆ ಏನು ಮಾತು ಕೊಟ್ಟಿರಿ? ಅದೊಂದನ್ನೇ ನೋಟ್‌ಬುಕ್ಕಲ್ಲಿ ಬರೆಸಿ. "ಮತ್ತೆ ಬರ್ತೀವಿ ಅಜ್ಜಿ" ಅನ್ನೋದೂ ಮಾತೇ, ಅದನ್ನೂ ಬರೀಬೇಕು. ಐದನೇ ದಿನ ಆ ಪಟ್ಟಿ ಹಿಡಿದು ಯಾವುದು ಆಗುತ್ತೆ, ಯಾವುದು ಆಗಲ್ಲ ಅಂತ ಆಯಾ ಮನೆಗೇ ಹೋಗಿ ಹೇಳಿ ಬನ್ನಿ. ಸ್ವಂತ ಫೋನ್ ನಂಬರ್ ಯಾರೂ ಕೊಡಬೇಡಿ, ಚರ್ಚ್ ಕಚೇರಿಯದ್ದು ಒಂದೇ ಕೊಡಿ. ಎತ್ತುವವರಿಗೆ ನಿಮ್ಮ ಬೀದಿಗಳ ಹೆಸರು ಗೊತ್ತಿರಲಿ.